ಕ್ರೇಟ್ ಹೊರುವ ಡ್ರೈವರ್

ತಂಪುಪಾನೀಯ ಮತ್ತು ಕುಡಿಯುವ ನೀರಿನ ಬಾಟಲಿಗಳನ್ನು ಅಂಗಡಿ ಅಂಗಡಿಗೆ ಹಂಚುವ ವಾಹನದ ಡ್ರೈವರ್ ದಿನದಲ್ಲಿ ಸ್ಟೀರಿಂಗ್ ಹಿಡಿಯುವ ಹೊತ್ತು ಕಡಿಮೆ. ಹೊರುವುದು, ಎಣಿಸುವುದು, ಬಿಲ್ ಕೊಡುವುದು, ದುಡ್ಡು ವಸೂಲಿ ಮಾಡುವುದು, ಸರದಿಗಾಗಿ ಕಾಯುವುದು ಇವೇ ಹೆಚ್ಚು. ಆದರೆ ಹಾಜರಿ ಪುಸ್ತಕದಲ್ಲಿ ಆತನ ಹೆಸರಿನ ಮುಂದೆ ಇರುವುದು ‘ಚಾಲಕ’ ಎಂಬ ಒಂದೇ ಪದ. ಸಂಬಳ, ಕೆಲಸದ ಅವಧಿ, ವಿಮೆ ಎಲ್ಲವೂ ಆ ಪದಕ್ಕೆ ಕಟ್ಟಿಕೊಂಡಿವೆ. ಅದರೊಳಗೆ ಹಿಡಿಸದೆ ಉಳಿದ ದುಡಿಮೆ ಯಾವ ಲೆಕ್ಕಕ್ಕೂ ಸಿಗದೆ ಹೋಗುತ್ತದೆ.

ಸರಕು ಹರಿದುಬರುವ ದಾರಿ ತಿಳಿದರೆ ಇದು ಹೇಗಾಯಿತು ಎಂಬುದು ಗೊತ್ತಾಗುತ್ತದೆ. ಬಿಡದಿ, ಪುತ್ತೂರಿನಂಥ ಕಡೆ ಇರುವ ತಯಾರಿಕಾ ಘಟಕಗಳಿಂದ ದೊಡ್ಡ ಲಾರಿಗಳು ಹೊರಟು ಡಿಪೋಗಳಿಗೆ ಅಥವಾ ಊರೂರಿನ ಡಿಸ್ಟ್ರಿಬ್ಯೂಟರುಗಳ ಗೋಡೌನಿಗೆ ಮಾಲು ಇಳಿಸುತ್ತವೆ. ಅಲ್ಲಿಂದ ಮುಂದೆ ಸಣ್ಣ ವಾಹನಗಳ ಕೆಲಸ. ಅವು ‘ರೂಟ್’ ಹಿಡಿದು ಬೇಕರಿ, ಕಿರಾಣಿ, ಕಾಂಡಿಮೆಂಟ್ಸ್, ಹೋಟೆಲು, ಪೆಟ್ಟಿಗೆ ಅಂಗಡಿಗಳಿಗೆ ಹೋಗುತ್ತವೆ. ವಾಹನದ ಮೈತುಂಬ ಕಂಪನಿಯ ಬಣ್ಣ, ಕಂಪನಿಯ ಹೆಸರು. ಡ್ರೈವರಿಗೆ ಸಂಬಳ ಕೊಡುವವರು ಮಾತ್ರ ಬಹುಪಾಲು ಬೇರೆಯೇ. ಎಷ್ಟೋ ಕಡೆ ಡಿಸ್ಟ್ರಿಬ್ಯೂಟರ್, ಕೆಲವು ಕಡೆ ವಾಹನದ ಮಾಲೀಕ, ಇನ್ನು ಕೆಲವು ಕಡೆ ಆಳು ಒದಗಿಸುವ ಗುತ್ತಿಗೆದಾರ.  

ರೂಟ್ ವಾಹನದ ದಿನ ಗೋಡೌನಿನ ಗೇಟಿನಲ್ಲಿ ಶುರುವಾಗುತ್ತದೆ. ಬೆಳಿಗ್ಗೆ ಆರು, ಆರೂವರೆಗೆ ವಾಹನಗಳು ಸಾಲು ನಿಲ್ಲುತ್ತವೆ. ಗೇಟಿನಲ್ಲಿ ಕೂತವರು ವಾಹನದ ಸಂಖ್ಯೆ, ಒಳಬಂದ ಹೊತ್ತು ಬರೆದುಕೊಳ್ಳುತ್ತಾರೆ. ರಾತ್ರಿ ಬಂದ ಲಾರಿಯ ಮಾಲು ಇನ್ನೂ ಇಳಿಯುತ್ತಿದ್ದರೆ, ಕಂಪ್ಯೂಟರಿನಲ್ಲಿ ಬಿಲ್ ಆಗಿರದಿದ್ದರೆ, ಕೇಳಿದ ಮಾಲು ಒಳಗಿಲ್ಲದಿದ್ದರೆ ಕಾಯಬೇಕು. ಸರದಿ ಬಂದ ಮೇಲೆ ಡ್ರೈವರ್ ಮತ್ತು ಜೊತೆಗಿರುವ ಲೋಡರ್ ಸೇರಿ ಲೋಡ್ ಮಾಡುತ್ತಾರೆ. ಕೊನೆಯ ಅಂಗಡಿಯ ಮಾಲು ಒಳಗೆ, ಮೊದಲ ಅಂಗಡಿಯದು ಬಾಗಿಲ ಬಳಿ. ಈ ಕ್ರಮ ತಪ್ಪಿದರೆ ಪ್ರತಿ ಅಂಗಡಿಯ ಮುಂದೆಯೂ ಹತ್ತು ಕೇಸ್ ಇಳಿಸಿ ಹತ್ತು ಕೇಸ್ ಮತ್ತೆ ಏರಿಸಬೇಕಾಗುತ್ತದೆ. ಲೋಡ್ ಮುಗಿದಾಗ ಎಣಿಕೆಯಾಗುತ್ತದೆ. ಎಣಿಕೆಯ ಹಾಳೆಗೆ ಡ್ರೈವರ್ ಸಹಿ ಹಾಕಿದ ಕ್ಷಣದಿಂದ ಆ ಮಾಲಿಗೆ ಆತನೇ ಹೊಣೆ. ಲೋಡರ್ ರಜೆ ಹಾಕಿದ ದಿನ ಡ್ರೈವರ್ ಒಬ್ಬನೇ ಹೊರಡುವುದೂ ಉಂಟು. ಖರ್ಚು ಉಳಿಸಲು ಲೋಡರನ್ನೇ ಇಟ್ಟುಕೊಳ್ಳದ ರೂಟುಗಳೂ ಇವೆ.

ಈ ಮಾಲಿನ ವಿಶೇಷವೆಂದರೆ ಅದು ಅಗ್ಗ, ಆದರೆ ಭಾರ. ಔಷಧಿ, ಬಿಸ್ಕತ್ತು ಹಂಚುವ ವಾಹನದಲ್ಲಿ ಕೈ ಸೋಲುವಷ್ಟು ತೂಕ ಇರುವುದಿಲ್ಲ. ಇಲ್ಲಿ ಹೊರುವುದು ನೀರನ್ನು. ಒಂದು ಲೀಟರಿನ 12 ನೀರಿನ ಬಾಟಲಿಗಳ ಕೇಸ್ ಸುಮಾರು 12.5 ಕೆ.ಜಿ. ತೂಗುತ್ತದೆ. ಎರಡು ಲೀಟರಿನ 9 ಬಾಟಲಿಗಳ ಕೇಸ್ 18 ಕೆ.ಜಿ. ದಾಟುತ್ತದೆ. 20 ಲೀಟರ್ ಕ್ಯಾನ್ 20 ಕೆ.ಜಿ.ಗಿಂತ ಹೆಚ್ಚು. ಗಾಜಿನ ಬಾಟಲಿಗಳ ಕ್ರೇಟಿನದು ಇನ್ನೂ ವಿಚಿತ್ರ. 200 ಮಿ.ಲೀ.ನ 24 ಬಾಟಲಿಗಳಲ್ಲಿ ಪಾನೀಯದ ತೂಕ 5 ಕೆ.ಜಿ. ಒಳಗೆ. ಅದಕ್ಕಿಂತ ಗಾಜಿನ ತೂಕವೇ ಹೆಚ್ಚು. ಆ ಗಾಜು ತಿರುಗಿ ಬರಬೇಕು. ತುಂಬಿದ ಕ್ರೇಟ್ ಇಳಿಸಿದ ಅಂಗಡಿಯಿಂದಲೇ ಖಾಲಿ ಕ್ರೇಟ್ ಏರಿಸಿಕೊಂಡು ಹೋಗಬೇಕು. ಪ್ಲಾಸ್ಟಿಕ್ ಬಾಟಲಿ ಬಂದ ಮೇಲೆ ಈ ವಾಪಸು ಹೊರೆ ಕಡಿಮೆಯಾಯಿತು ನಿಜ, ಆದರೆ ಬಾಟಲಿಯ ಗಾತ್ರ ದೊಡ್ಡದಾಯಿತು, ಕೇಸಿನೊಳಗಿನ ದ್ರವದ ತೂಕ ಏರಿತು.

ಲೆಕ್ಕ ಹಾಕಿ ನೋಡಬಹುದು. ಈ ಕೆಲಸದಲ್ಲಿ ಬಹಳ ಬಳಕೆಯಲ್ಲಿರುವುದು 2005ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ಏಸ್ ಮತ್ತು ಅದರಂಥ ಸಣ್ಣ ಗಾಡಿಗಳು. ಅದರ ಸಾಮರ್ಥ್ಯ ಸುಮಾರು ಮುಕ್ಕಾಲು ಟನ್. ಒಂದು ಲೀಟರ್ ಬಾಟಲಿಗಳ ನೀರಿನ ಕೇಸ್ ಆದರೆ 60ಕ್ಕೆ ಗಾಡಿಯ ಮಿತಿ ಮುಗಿಯಿತು. ಆ 60 ಕೇಸಿಗೆ ಮೂರು ಸಲ ಕೈ ಹಾಕಬೇಕು. ಗೋಡೌನಿನಿಂದ ಗಾಡಿಗೆ, ಗಾಡಿಯಿಂದ ನೆಲಕ್ಕೆ, ನೆಲದಿಂದ ಅಂಗಡಿಯ ಒಳಕ್ಕೆ. ಒಟ್ಟು 2,250 ಕೆ.ಜಿ. ಬೇಸಿಗೆಯಲ್ಲಿ ದಿನಕ್ಕೆ ಎರಡು ಟ್ರಿಪ್ ಆದರೆ ನಾಲ್ಕೂವರೆ ಟನ್. ಇಬ್ಬರು ಹಂಚಿಕೊಂಡರೂ ಒಬ್ಬೊಬ್ಬರ ಪಾಲಿಗೆ ಎರಡು ಟನ್ನಿನ ಮೇಲೆ. ಅಂಗಡಿ ಮೊದಲ ಮಹಡಿಯಲ್ಲಿದ್ದರೆ, ಗೋಡೌನು ನೆಲಮಾಳಿಗೆಯಲ್ಲಿದ್ದರೆ, ರಸ್ತೆ ಅಗೆದು ಗಾಡಿ ದೂರ ನಿಲ್ಲಿಸಿದ್ದರೆ ಮೆಟ್ಟಿಲೂ ನಡಿಗೆಯೂ ಇದಕ್ಕೆ ಸೇರುತ್ತವೆ.

ಕಾನೂನು ಒಂದೊಂದು ಹೊರೆಯ ತೂಕವನ್ನು ನೋಡುತ್ತದೆ, ದಿನದ ಒಟ್ಟು ತೂಕವನ್ನಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲಿ ರೂಪಿಸಿದ ಗರಿಷ್ಠ ತೂಕದ ಒಡಂಬಡಿಕೆಗೆ ಭಾರತ 2010ರಲ್ಲಿ ಒಪ್ಪಿಗೆ ಕೊಟ್ಟಿತು. ಅದರ ಜೊತೆಗಿನ ಶಿಫಾರಸಿನಲ್ಲಿ ವಯಸ್ಕ ಪುರುಷ ಹೊರಬಹುದಾದ ಗರಿಷ್ಠ ತೂಕ 55 ಕೆ.ಜಿ. ಆ ಅಳತೆಗೆ 18 ಕೆ.ಜಿ.ಯ ಕೇಸ್ ಹಗುರ. ಸೊಂಟ ಮುರಿಯುವುದು ಒಂದು ಕೇಸಿನಿಂದಲ್ಲ, ನೂರನೆಯ ಕೇಸಿನಿಂದ. ಬಾಗಿ ಎತ್ತಿ, ಅರ್ಧ ತಿರುಗಿ, ತೋಳು ಚಾಚಿ ಇಡುವ ಒಂದೇ ಚಲನೆ ದಿನಕ್ಕೆ ನೂರಾರು ಸಲ ನಡೆದಾಗ ಬೆನ್ನೆಲುಬಿನ ನಡುವಿನ ಮೆತ್ತೆಗಳು ಸವೆಯುತ್ತವೆ. ಅಮೆರಿಕದ ರಾಷ್ಟ್ರೀಯ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಎಲ್ಲ ಅನುಕೂಲವೂ ಇದ್ದಾಗಿನ ಮಿತಿಯೇ 23 ಕೆ.ಜಿ. ಎತ್ತುವ ಸಂಖ್ಯೆ ಹೆಚ್ಚಿದಷ್ಟೂ, ಸೊಂಟ ತಿರುಚಿದಷ್ಟೂ, ಹೊರೆ ಮೈಯಿಂದ ದೂರವಿದ್ದಷ್ಟೂ ಆ ಮಿತಿ ಇಳಿಯುತ್ತ ಹೋಗುತ್ತದೆ. ದಿನದ ದುಡಿಮೆಯನ್ನು ಅಳೆಯುವ ಸರಿಯಾದ ಕ್ರಮ ಇದು.

ಅದೇ ಸಂಸ್ಥೆ ತಂಪುಪಾನೀಯ ಹಂಚುವ ಡ್ರೈವರುಗಳನ್ನೇ ಹಿಂಬಾಲಿಸಿ ಅಧ್ಯಯನ ಮಾಡಿ 1996ರಲ್ಲಿ ಒಂದು ವರದಿ ಪ್ರಕಟಿಸಿತು. ಗಾಡಿಯಲ್ಲಿ ಮಾಲು ಇಡುವ ಅಂತಸ್ತುಗಳ ಎತ್ತರ ಬದಲಿಸುವುದು, ಹತ್ತಿ ಇಳಿಯಲು ಹೊರಗೆ ಹಿಡಿಕೆ ಮತ್ತು ಮೆಟ್ಟಿಲು ಕೊಡುವುದು, ಎರಡು ಚಕ್ರದ ಕೈಗಾಡಿಯನ್ನು ಸುಧಾರಿಸುವುದು, ಒಂದೇ ಕೇಸನ್ನು ಪದೇ ಪದೇ ಎತ್ತಿಡುವುದನ್ನು ತಪ್ಪಿಸುವುದು ಅದರ ತಿರುಳು. ಒಂದೂ ದೊಡ್ಡ ಬಂಡವಾಳ ಬೇಡುವಂಥದ್ದಲ್ಲ. ನಮ್ಮ ಪೇಟೆಗಳಲ್ಲಿ ಇಂದಿಗೂ ಕ್ರೇಟ್ ಏರುವುದು ಹೆಗಲಿಗೆ. ಒಂದರ ಮೇಲೊಂದು ಪೇರಿಸಿದ ಕ್ರೇಟುಗಳನ್ನು ಎದೆಗೆ ಅವಚಿಕೊಂಡು, ಮುಂದಿನ ನೆಲ ಕಾಣದೆ, ಚರಂಡಿಯ ಚಪ್ಪಡಿ ದಾಟಿ ಅಂಗಡಿಯೊಳಗೆ ಹೋಗುವವರನ್ನು ಯಾವ ಬೀದಿಯಲ್ಲಾದರೂ ನೋಡಬಹುದು.

ಗಾಡಿಯ ಮೇಲಿನ ಹೊರೆಯದೂ ಇದೇ ಕಥೆ. ಬೇಡಿಕೆ ಏರಿದಾಗ ಮುಕ್ಕಾಲು ಟನ್ನಿನ ಗಾಡಿಗೆ ಒಂದೂಕಾಲು ಟನ್ ಏರುತ್ತದೆ. ಬ್ರೇಕ್ ಹಿಡಿಯುವುದಿಲ್ಲ, ತಿರುವಿನಲ್ಲಿ ಗಾಡಿ ವಾಲುತ್ತದೆ. ದ್ರವ ತುಂಬಿದ ಬಾಟಲಿಗಳು ಸ್ವಲ್ಪ ಸಡಿಲವಿದ್ದರೂ ಒಂದೇ ಕಡೆ ಸರಿದುಬಿಡುತ್ತವೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿಯಂತೆ ಮಿತಿಮೀರಿದ ಹೊರೆಗೆ ದಂಡ 20,000 ರೂ., ಮೇಲಿನ ಪ್ರತಿ ಟನ್ನಿಗೆ 2,000 ರೂ. ಗಾಡಿ ಓಡಿಸಿದವರ ಮೇಲೂ, ಓಡಿಸಲು ಹೇಳಿದವರ ಮೇಲೂ ಈ ದಂಡ ಹಾಕಬಹುದೆಂದು ಕಾಯ್ದೆ ಹೇಳುತ್ತದೆ. ಆದರೆ ರಸ್ತೆಯಲ್ಲಿ ಕೈಗೆ ಸಿಗುವುದು ಡ್ರೈವರ್. ಎಷ್ಟು ಕೇಸ್ ಏರಿಸಬೇಕೆಂದು ತೀರ್ಮಾನಿಸಿದವರು ಗೋಡೌನಿನೊಳಗೆ ಇರುತ್ತಾರೆ.

ಲೈಸೆನ್ಸಿನ ವಿಷಯದಲ್ಲಿ ಒಂದು ನೆಮ್ಮದಿ ಸಿಕ್ಕಿದೆ. ಲಘು ವಾಹನದ ಲೈಸೆನ್ಸ್ ಇಟ್ಟುಕೊಂಡು ಸಣ್ಣ ಸರಕು ಗಾಡಿ ಓಡಿಸುವವರು ಅಪಘಾತಕ್ಕೆ ಸಿಕ್ಕಿದಾಗ, ಸಾರಿಗೆ ವಾಹನಕ್ಕೆ ಬೇರೆ ಅನುಮತಿ ಬೇಕಿತ್ತೆಂದು ವಿಮಾ ಕಂಪನಿಗಳು ವರ್ಷಗಟ್ಟಲೆ ವಾದಿಸಿದವು. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ಒಟ್ಟು ತೂಕ 7,500 ಕೆ.ಜಿ. ಒಳಗಿನ ಸಾರಿಗೆ ವಾಹನ ಓಡಿಸಲು ಲಘು ವಾಹನದ ಲೈಸೆನ್ಸ್ ಸಾಕು ಎಂದು ತೀರ್ಪು ಕೊಟ್ಟಿತು. ರೂಟ್ ಗಾಡಿಗಳ ಬಹುಪಾಲು ಡ್ರೈವರುಗಳು ಈ ತೀರ್ಪಿನ ನೆರಳಿಗೆ ಬರುತ್ತಾರೆ.

ಬಿಸಿಲಿಗೆ ನೆರಳು ಮಾತ್ರ ಸಿಕ್ಕಿಲ್ಲ. ಈ ವ್ಯಾಪಾರದ ಕಟುಸತ್ಯವೆಂದರೆ, ಮನುಷ್ಯರಿಗೆ ಅತಿ ಕಷ್ಟದ ತಿಂಗಳುಗಳೇ ಅದಕ್ಕೆ ಸುಗ್ಗಿ. ಮಾರ್ಚ್‌ನಿಂದ ಮೇವರೆಗೆ ಮಾಲು ಖರ್ಚಾಗುವಷ್ಟು ಉಳಿದ ತಿಂಗಳುಗಳಲ್ಲಿ ಆಗುವುದಿಲ್ಲ. ರಾಯಚೂರು, ಕಲಬುರಗಿಗಳಲ್ಲಿ ಆಗ ತಾಪಮಾನ 40 ಡಿಗ್ರಿ ದಾಟುವುದು ಮಾಮೂಲು. ತಂಪು ಊರು ಎನ್ನಿಸಿಕೊಂಡ ಬೆಂಗಳೂರೇ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಕಂಡಿತ್ತು. ಆ ಬಿಸಿಲಲ್ಲಿ ತಗಡಿನ ಬಾಡಿಯೊಳಗೆ ಬಗ್ಗಿ ಕೇಸ್ ಎಳೆಯುವವನ ಮೈಯಿಂದ ಬೆವರು ಹರಿದು ಹೋದಷ್ಟು ನೀರು ಒಳಗೆ ಹೋಗಬೇಕು. ಎಷ್ಟೋ ಡ್ರೈವರುಗಳು ಬೇಕೆಂದೇ ಕಡಿಮೆ ನೀರು ಕುಡಿಯುತ್ತಾರೆ, ದಾರಿಯಲ್ಲಿ ಶೌಚಾಲಯ ಸಿಗದೆಂಬ ಕಾರಣಕ್ಕೆ. ದಿನವಿಡೀ ನೂರಾರು ಲೀಟರ್ ನೀರು ಹೊತ್ತವರು ಬಾಯಾರಿಕೊಂಡೇ ಇರುತ್ತಾರೆ. ಮೂತ್ರಕೋಶದ ಸೋಂಕು, ಕಲ್ಲು, ಸ್ನಾಯು ಸೆಳೆತ ಇದರ ಹಿಂದೆಯೇ ಬರುತ್ತವೆ. ಕಾದ ಗಾಜಿನ ಬಾಟಲಿ ಕೈಯಲ್ಲೇ ಸಿಡಿಯುವ ಅಪಾಯ ಬೇರೆ. ಅದಕ್ಕೆ ಬೇಕಾದ ಗಟ್ಟಿ ಕೈಗವಸು ಕೊಡುವವರು ವಿರಳ.

ಲಾರಿ ಕ್ಯಾಬಿನ್‌ಗಳಿಗೆ ಹವಾನಿಯಂತ್ರಣ ಕಡ್ಡಾಯ ಮಾಡುವ ಕೇಂದ್ರದ ನಿಯಮ 2025ರಲ್ಲಿ ಜಾರಿಗೆ ಬಂತು. ಒಳ್ಳೆಯ ನಿಯಮ. ಆದರೆ ಅದು ಹೊಸದಾಗಿ ತಯಾರಾಗುವ, ಒಟ್ಟು ತೂಕ ಮೂರೂವರೆ ಟನ್ ಮೀರಿದ ಸರಕು ವಾಹನಗಳಿಗಷ್ಟೇ. ಕಾರ್ಖಾನೆಯಿಂದ ಗೋಡೌನಿಗೆ ಬರುವ ದೊಡ್ಡ ಲಾರಿಯ ಡ್ರೈವರಿಗೆ ಅದು ದಕ್ಕುತ್ತದೆ. ಊರೊಳಗೆ ಮಾರಿಗೊಮ್ಮೆ ನಿಂತು ಹೊರಡುವ ಸಣ್ಣ ಗಾಡಿಯವನಿಗೆ ದಕ್ಕುವುದಿಲ್ಲ.

ಮೈ ದಣಿವಿಗಿಂತ ಹೆಚ್ಚಾಗಿ ಡ್ರೈವರುಗಳ ನಿದ್ದೆ ಕೆಡಿಸುವುದು ಸಂಜೆಯ ಲೆಕ್ಕ. ರೂಟ್ ಮುಗಿಸಿ ಬಂದ ಮೇಲೆ ‘ಸೆಟಲ್‌ಮೆಂಟ್’ ಇರುತ್ತದೆ. ಬೆಳಿಗ್ಗೆ ಏರಿಸಿದ ಕೇಸುಗಳಲ್ಲಿ ಮಾರಿದ್ದೆಷ್ಟು, ಉಳಿದದ್ದೆಷ್ಟು, ಸ್ಕೀಮಿನಲ್ಲಿ ಬಿಟ್ಟಿ ಕೊಟ್ಟ ಬಾಟಲಿ ಎಷ್ಟು, ಒಡೆದದ್ದು ಎಷ್ಟು, ಸೋರಿದ್ದು ಎಷ್ಟು, ವಾಪಸು ಬಂದ ಖಾಲಿ ಎಷ್ಟು, ನಗದು ಎಷ್ಟು, ಮೊಬೈಲಿನಲ್ಲಿ ಬಂದದ್ದು ಎಷ್ಟು, ಉದ್ರಿ ಎಷ್ಟು. ಎಲ್ಲವೂ ತಾಳೆಯಾಗಬೇಕು. ಮೊಬೈಲ್ ಪಾವತಿ ಬಂದ ಮೇಲೆ ಸೊಂಟಕ್ಕೆ ಸಾವಿರಾರು ರೂಪಾಯಿ ಕಟ್ಟಿಕೊಂಡು ತಿರುಗುವ ಭಯ ಕಡಿಮೆಯಾಗಿದೆ. ಉದ್ರಿ ಮಾತ್ರ ಹಾಗೇ ಇದೆ. ಮಾಲು ಹಾಕದಿದ್ದರೆ ಅಂಗಡಿ ಎದುರಾಳಿ ಕಂಪನಿಯ ಪಾಲಾಗುತ್ತದೆ, ಹಾಕಿದರೆ ಬಾಕಿ ಬೆಳೆಯುತ್ತದೆ. ಅಂಗಡಿಯವರು ಬಾಗಿಲು ಹಾಕಿಕೊಂಡು ಹೋದರೆ ಆ ಬಾಕಿಯನ್ನು ಡ್ರೈವರಿನ ತಲೆಗೆ ಕಟ್ಟುವುದು ಈ ದಂಧೆಯ ಹಳೆಯ ಚಾಳಿ. ‘ಶಾರ್ಟೇಜ್’ ಎಂಬ ಒಂದೇ ಪದದಡಿ ಒಡಕು, ಸೋರಿಕೆ, ಎಣಿಕೆ ತಪ್ಪು, ಬಾಕಿ ಎಲ್ಲವನ್ನೂ ಸೇರಿಸಿ ತಿಂಗಳ ಕೊನೆಗೆ ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ.

ಇದು ಕಾನೂನಿಗೆ ಒಪ್ಪುವ ಪದ್ಧತಿಯಲ್ಲ. 1936ರ ವೇತನ ಪಾವತಿ ಕಾಯ್ದೆ ಈ ವಿಷಯದಲ್ಲಿ ಬಹಳ ಸ್ಪಷ್ಟವಾಗಿತ್ತು. ವಶಕ್ಕೆ ಕೊಟ್ಟ ಮಾಲು ಅಥವಾ ಹಣ ನಷ್ಟವಾದರೆ, ಆ ನಷ್ಟ ನೇರವಾಗಿ ನೌಕರನ ಅಲಕ್ಷ್ಯದಿಂದಲೇ ಆಗಿದ್ದರೆ ಮಾತ್ರ ಕಡಿತ ಮಾಡಬಹುದು. ಮುರಿದುಕೊಳ್ಳುವ ಮೊದಲು ವಿವರಣೆ ಕೊಡಲು ಅವಕಾಶ ಕೊಡಬೇಕು. ಕಡಿತ ನಷ್ಟಕ್ಕಿಂತ ಹೆಚ್ಚಿರಕೂಡದು. ಎಲ್ಲ ಕಡಿತ ಸೇರಿ ಸಂಬಳದ ಅರ್ಧ ದಾಟಬಾರದೆಂಬ ಮಿತಿ ಆ ಕಾಯ್ದೆಯ ಜಾಗಕ್ಕೆ ಬಂದ ಈಗಿನ ವೇತನ ಸಂಹಿತೆಯಲ್ಲೂ ಉಳಿದಿದೆ. ಗುಂಡಿಬಿದ್ದ ರಸ್ತೆಯಲ್ಲಿ ಒಡೆದ ಬಾಟಲಿ ಡ್ರೈವರಿನ ಅಲಕ್ಷ್ಯವಲ್ಲ. ಮಾಲೀಕರು ಒಪ್ಪಿಯೇ ಕೊಡಿಸಿದ ಉದ್ರಿಯೂ ಅಲ್ಲ. ಇಷ್ಟನ್ನು ಗಟ್ಟಿಯಾಗಿ ಹೇಳಲು ಕೈಯಲ್ಲಿ ಕಾಗದ ಬೇಕು. ಹೆಚ್ಚಿನವರ ಬಳಿ ನೇಮಕಾತಿ ಪತ್ರವೇ ಇಲ್ಲ.

ಕೆಲಸದ ಹೊತ್ತಿಗೆ ಬಂದರೆ, 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಆಳವಾಗಿ ಯೋಚಿಸಿ ಬರೆದದ್ದು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ. ಐದು ಗಂಟೆ ದುಡಿದರೆ ಕನಿಷ್ಠ ಅರ್ಧ ಗಂಟೆ ವಿರಾಮ. ವಿರಾಮವೂ ಸೇರಿ ದಿನದ ಹರವು 12 ಗಂಟೆ ಮೀರುವಂತಿರಲಿಲ್ಲ. ಒಂದು ದಿನದ ಕೆಲಸ ಮುಗಿದು ಮರುದಿನ ಶುರುವಾಗುವ ನಡುವೆ ಒಂಬತ್ತು ಗಂಟೆ ಬಿಡುವು. ಹೆಚ್ಚುವರಿ ಹೊತ್ತಿಗೆ ಎರಡು ಪಟ್ಟು ಕೂಲಿ. ಮಾಲು ಹತ್ತಿಸುವುದು ಇಳಿಸುವುದು, ಲೆಕ್ಕ ಬರೆಯುವುದು, ಹಣ ಕಟ್ಟುವುದು, ಗಾಡಿ ನೋಡಿಕೊಳ್ಳುವುದು ಇವೆಲ್ಲ ಪೂರಕ ಕೆಲಸ, ಇವೂ ಕೆಲಸದ ಹೊತ್ತೇ ಎಂದು ಆ ಕಾಯ್ದೆ ಬಿಡಿಸಿ ಹೇಳಿತ್ತು. ಅಂದರೆ ರೂಟ್ ಡ್ರೈವರಿನ ಇಡೀ ದಿನ ಅದರ ಕಣ್ಣಿಗೆ ಬಿದ್ದಿತ್ತು.

ಒಂದು ಕಡೆ ಮಾತ್ರ ಅದು ಕೈ ಬಿಗಿ ಹಿಡಿಯಿತು. ನಿಲ್ದಾಣದಲ್ಲಿ ಬರಿದೇ ಹಾಜರಿರುವ ಹೊತ್ತು 15 ನಿಮಿಷದ ಒಳಗಿದ್ದರಷ್ಟೇ ಅದನ್ನು ಕೆಲಸದ ಹೊತ್ತಿಗೆ ಸೇರಿಸಿತು. ಬಸ್ಸಿನ ಡ್ರೈವರನ್ನು ಮನಸ್ಸಿನಲ್ಲಿಟ್ಟು ನೋಡಿದರೆ ಇದು ಅರ್ಥವಾಗುತ್ತದೆ. ಒಂದು ಟ್ರಿಪ್ ಮುಗಿದು ಇನ್ನೊಂದು ಹೊರಡುವ ನಡುವೆ ಆತ ಕಾಲು ಚಾಚಬಹುದು. ಗೋಡೌನಿನ ಸಾಲಿನಲ್ಲಿ ನಿಂತ ಗಾಡಿಯ ಡ್ರೈವರಿಗೆ ಆ ಅನುಕೂಲವಿಲ್ಲ. ಮುಂದಿನ ಗಾಡಿ ಸರಿದಂತೆ ತನ್ನದನ್ನೂ ಸರಿಸಬೇಕು, ಕೂಗಿದಾಗ ಓಗೊಡಬೇಕು. ಮುಂಜಾನೆ ಒಂದೂವರೆ ಗಂಟೆ, ಸಂಜೆ ಸೆಟಲ್‌ಮೆಂಟ್ ಸರದಿಗೆ ಮುಕ್ಕಾಲು ಗಂಟೆ ಹೀಗೆ ಕಾದವನ ಹೊತ್ತು ಆತನದೂ ಅಲ್ಲ, ಲೆಕ್ಕದಲ್ಲೂ ಇಲ್ಲ. ಬೆಂಗಳೂರಿನಲ್ಲಿ 10 ಕಿ.ಮೀ. ದಾಟಲು ಅರ್ಧ ಗಂಟೆ ಬೇಕಾಗುವ ದಟ್ಟಣೆ ಇದರ ಮೇಲೆ ಬೀಳುತ್ತದೆ. ಕಾದು ಕಳೆದ ಹೊತ್ತನ್ನು ಡ್ರೈವರ್ ಸರಿದೂಗಿಸುವುದು ಊಟ ಬಿಟ್ಟು, ಇಲ್ಲವೇ ವೇಗವಾಗಿ ಓಡಿಸಿ. ಎರಡೂ ಅಪಾಯ.

2025ರ ನವೆಂಬರ್ 21ರಂದು ಕೇಂದ್ರ ಸರಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. 1961ರ ಕಾಯ್ದೆ ‘ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ–2020’ರೊಳಗೆ ಸೇರಿಹೋಯಿತು. ಪೂರಕ ಕೆಲಸದ ವ್ಯಾಖ್ಯೆ ಅದರಲ್ಲೂ ಇದೆ, 15 ನಿಮಿಷದ ಗೆರೆಯೂ ಇದೆ. ನೇಮಕಾತಿ ಪತ್ರ ಕೊಡುವುದು ಕಡ್ಡಾಯವಾಗಿರುವುದು ನಿಜಕ್ಕೂ ಗಳಿಕೆ. ಆದರೆ ಹಳೆಯ ಕಾಯ್ದೆ ಐವರು ಸಾರಿಗೆ ಕಾರ್ಮಿಕರಿದ್ದ ಕಡೆಯೆಲ್ಲ ಅನ್ವಯವಾಗುತ್ತಿತ್ತು. ಹೊಸ ಸಂಹಿತೆ ಸಾರಿಗೆ ಸಂಸ್ಥೆಗಳಿಗೆ ಹಾಕಿದ ಗೆರೆ ಹತ್ತು ಕಾರ್ಮಿಕರು. ಡ್ರೈವರುಗಳನ್ನಷ್ಟೇ ಎಣಿಸಿದರೆ, ಮೂರು ನಾಲ್ಕು ಗಾಡಿ ಇಟ್ಟುಕೊಂಡ ಡಿಸ್ಟ್ರಿಬ್ಯೂಟರ್ ಮೊದಲೇ ಗೆರೆಯ ಹೊರಗಿದ್ದರು, ಈಗ ಆರೇಳು ಗಾಡಿಯವರೂ ಹೊರಗೆ ಉಳಿಯಬಹುದು. ಸಣ್ಣ ಊರುಗಳ ಡಿಸ್ಟ್ರಿಬ್ಯೂಟರುಗಳೆಲ್ಲ ಹೆಚ್ಚುಕಡಿಮೆ ಈ ಅಳತೆಯವರೇ. ಇದು ಹಿಂದಿಟ್ಟ ಹೆಜ್ಜೆ.

ಇಎಸ್ಐ, ಪಿಎಫ್‌ಗಳಲ್ಲೂ ಇದೇ ತೊಡಕು. ಹತ್ತು ಮಂದಿ ಇದ್ದರೆ ಇಎಸ್ಐ, ಇಪ್ಪತ್ತು ಮಂದಿ ಇದ್ದರೆ ಪಿಎಫ್. ತಿಂಗಳಿಗೆ 21,000 ರೂ. ಒಳಗೆ ಸಂಬಳ ಇರುವವರು ಇಎಸ್ಐ ವ್ಯಾಪ್ತಿಗೆ ಬರುತ್ತಾರೆ. ಬೆನ್ನು ಹಿಡಿದುಕೊಂಡು ಹದಿನೈದು ದಿನ ಮಲಗಿದವನಿಗೆ ಆ ದಿನಗಳ ಸಂಬಳದ ಒಂದು ಪಾಲಾದರೂ ಬರುವುದು ಅದರಿಂದಲೇ. ಡ್ರೈವರ್ ಒಬ್ಬ ಮಾಲೀಕನ ಬಳಿ, ಲೋಡರ್ ಇನ್ನೊಬ್ಬ ಗುತ್ತಿಗೆದಾರನ ಬಳಿ ಎಂದು ಹೆಸರು ಹಂಚಿಹೋದರೆ ತಲೆ ಎಣಿಕೆ ಎಲ್ಲೂ ಹತ್ತಕ್ಕೆ ಮುಟ್ಟುವುದಿಲ್ಲ. ಸಂಬಳದ ಬಹುಪಾಲನ್ನು ದಿನದ ಬಾಟಾ, ಕೇಸಿಗಿಷ್ಟು ಎಂಬ ಕಮಿಷನ್ ರೂಪದಲ್ಲಿ ಕೊಟ್ಟರೆ ಪಿಎಫ್ ಲೆಕ್ಕಕ್ಕೆ ಸಿಗುವ ಮೊತ್ತವೂ ಕುಗ್ಗುತ್ತದೆ. ರಜೆ ಹಾಕಿದ ದಿನ ಬಾಟಾ ಇಲ್ಲ, ಹಾಗಾಗಿ ಜ್ವರವಿದ್ದರೂ ಗಾಡಿ ಏರುತ್ತಾರೆ.

ತಲೆ ಎಣಿಸದೆ ಕೈಹಿಡಿಯುವ ಒಂದು ವ್ಯವಸ್ಥೆ ಕರ್ನಾಟಕದಲ್ಲಿದೆ. 2024ರ ರಾಜ್ಯ ಕಾಯ್ದೆಯಡಿ ಮೋಟಾರು ಸಾರಿಗೆ ಮತ್ತು ಇತರೆ ಸಂಬಂಧಿತ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಮಂಡಳಿ ರಚನೆಯಾಗಿದೆ. ಅದಕ್ಕೆ ಹಣ ಬರುವುದು ವಾಹನಗಳ ಮೇಲಿನ ಸೆಸ್‌ನಿಂದ. ನೋಂದಾಯಿತ ಚಾಲಕ, ಕ್ಲೀನರ್ ಅಪಘಾತದಲ್ಲಿ ಸತ್ತರೆ ಕುಟುಂಬಕ್ಕೆ 5 ಲಕ್ಷ ರೂ. ಪರಿಹಾರವಿದೆ. ಮಾಲೀಕ ಯಾರು, ಎಷ್ಟು ಮಂದಿ ಇದ್ದಾರೆ ಎಂಬುದು ಅಲ್ಲಿ ಮುಖ್ಯವಲ್ಲ. ತಂಪುಪಾನೀಯದ ರೂಟ್ ಡ್ರೈವರುಗಳು ಈ ನೋಂದಣಿಯನ್ನು ತಪ್ಪದೆ ಮಾಡಿಸಿಕೊಳ್ಳಬೇಕು. ಲೋಡರುಗಳಿಗೆ ಹಮಾಲಿಗಳ ಲೆಕ್ಕದಲ್ಲಿ ಅಸಂಘಟಿತ ಕಾರ್ಮಿಕರ ಮಂಡಳಿಯ ನೆರವು ಇದೆ. ಇವೆಲ್ಲ ಅವಘಡದ ನಂತರದ ಆಸರೆ. ದಿನನಿತ್ಯದ ಕೆಲಸದ ಸ್ಥಿತಿಯನ್ನು ಇವು ಬದಲಿಸಲಾರವು.

ಅದನ್ನು ಬದಲಿಸುವ ಶಕ್ತಿ ಇರುವುದು ಮಾಲಿನ ಮೇಲೆ ಹೆಸರಿರುವ ಕಂಪನಿಗಳಿಗೆ. ಫ್ರಿಜ್ಜಿನಲ್ಲಿ ಯಾವ ಬಾಟಲಿ ಯಾವ ಸಾಲಿನಲ್ಲಿ ನಿಲ್ಲಬೇಕೆಂದು ಡಿಸ್ಟ್ರಿಬ್ಯೂಟರಿಗೆ ಕರಾರು ಹಾಕುವ ಕಂಪನಿಗಳು, ಪ್ರತಿ ಗಾಡಿಗೆ ಒಬ್ಬ ಲೋಡರ್, ಒಂದು ಕೈಗಾಡಿ, ಎರಡು ಜೊತೆ ಕೈಗವಸು ಇರಲೇಬೇಕೆಂದು ಅದೇ ಕರಾರಿನಲ್ಲಿ ಬರೆಸಬಹುದು. ಮಾಲಿನ ಬೆಲೆಯ ಮುಂದೆ ಅದರ ಖರ್ಚು ತೀರ ಸಣ್ಣದು. 15 ನಿಮಿಷದ ಗೆರೆಯ ಆಚೆ ಕಾದ ಹೊತ್ತಿಗೂ ಕೂಲಿ ಕೊಡುವುದನ್ನು ಯಾವ ಕಾನೂನೂ ತಡೆಯುವುದಿಲ್ಲ. ಎಷ್ಟು ಹೊತ್ತು ಕಾದರು ಎಂಬುದಕ್ಕೆ ಹೊಸ ದಾಖಲೆಯೂ ಬೇಕಿಲ್ಲ. ಗಾಡಿ ಒಳಬಂದ ಹೊತ್ತು, ಲೋಡ್ ಆಗಿ ಹೊರಟ ಹೊತ್ತು ಎರಡೂ ಗೇಟಿನ ಪುಸ್ತಕದಲ್ಲಿ ದಿನವೂ ದಾಖಲಾಗುತ್ತಿವೆ. ಇಂದು ಅದು ಮಾಲಿನ ಕಾವಲಿಗೆ ಇಟ್ಟ ಪುಸ್ತಕ. ಸಂಬಳ ಬರೆಯುವವರೂ ಅದನ್ನು ತೆರೆದು ನೋಡಬೇಕು.